ಅತ್ತೆಯ ಮೆರವಣಿಗೆ, ಅಳಿಯನ ಥರ್ಮೋಸ್ಟಾಟು

ಮಾನೆಭಂಜ್ಯಾಂಗಿನ ಲ್ಯಾಂಡ್ ರೋವರ್ ಚಾಲಕರಲ್ಲಿ ಸುಳ್ಳು ಹೇಳದವರು ಯಾರೂ ಇಲ್ಲ. ಮೋಡ ಕವಿದು ಕೂತ ದಿನ "ಇನ್ನೊಂದು ಗಳಿಗೆ ತಾಳಿ ಸಾರ್, ಕಾಂಚನಜುಂಗಾ ಕಂಡೇ ಕಾಣುತ್ತೆ" ಎನ್ನದಿದ್ದರೆ ಯಾವ ಪ್ರವಾಸಿ ತಾನೇ ಗಾಡಿ ಹತ್ತುತ್ತಾನೆ? ಆದರೆ ಬುದ್ಧಿಮಾನ್ ತಾಮಾಂಗನ ಸುಳ್ಳು ಮೋಡದ ಮೇಲೆ ನಿಂತದ್ದಲ್ಲ. "ಈ ಸ್ಟ್ಯಾಂಡಿನಲ್ಲೇ ಹೀಟರ್ ಇರೋ ಗಾಡಿ ಒಂದೇ, ಅದು ನಂದು" ಎಂದು ಅವನು ಎದೆಯುಬ್ಬಿಸಿ ಹೇಳುತ್ತಿದ್ದ. ಹೀಟರ್ ಇದ್ದದ್ದು ಸತ್ಯ. ಟೀ ತೋಟದ ಸಾಹೇಬರ ಕಾಲದ ದಪ್ಪ ತಗಡಿನ ಡಬ್ಬ, ಕಾಲಿನ ಹತ್ತಿರ ಕೂತಿತ್ತು. ಅದರಿಂದ ಹೊರಬರುತ್ತಿದ್ದದ್ದು ಮಾತ್ರ ಶುದ್ಧ ಹಿಮಗಾಳಿ. ಮಂಗನ ಟೋಪಿ ತೊಟ್ಟ ಕಲ್ಕತ್ತದ ಬಾಬುಗಳು ಅದರ ಮುಂದೆ ಅಂಗೈ ಚಾಚಿ, ಹಲ್ಲು ಕಟಕಟಿಸುತ್ತ, "ಹೌದೌದು, ಸ್ವಲ್ಪ ಹಿತವಾಗಿದೆ" ಎನ್ನುತ್ತಿದ್ದರು. ಬಾಡಿಗೆ ಕೊಟ್ಟ ಮೇಲೆ ಹಿತವಾಗಿರಲೇಬೇಕಲ್ಲ.

ತಪ್ಪು ಹೀಟರಿನದಲ್ಲ. ಇಂಜಿನ್ನಿನಲ್ಲಿ ಥರ್ಮೋಸ್ಟಾಟು ಇರಲಿಲ್ಲ. ಅದೊಂದು ಅಂಗೈಯಗಲದ ಹಿತ್ತಾಳೆ ಬಾಗಿಲು. ಇಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು ನೀರನ್ನು ಒಳಗೇ ಕಾಯಿಸುತ್ತದೆ. ನೀರು ಚೆನ್ನಾಗಿ ಕಾದ ಮೇಲೆ ತೆರೆದು, ತಣಿದು ಬಾ ಎಂದು ರೇಡಿಯೇಟರಿಗೆ ಕಳಿಸುತ್ತದೆ. ಈ ಗಾಡಿ ಬೆಟ್ಟ ಹತ್ತುವ ಮೊದಲು ಕೆಳಗಿನ ಬಯಲಿನಲ್ಲಿ ಓಡುತ್ತಿದ್ದಾಗ ಯಾವನೋ ಮಿಸ್ತ್ರಿ "ನಮ್ಮ ಸೆಕೆಗೆ ಇದ್ಯಾಕೆ" ಎಂದು ಅದನ್ನು ಕಿತ್ತು ಬಿಸಾಡಿದ್ದ. ಅಂದಿನಿಂದ ಆ ಇಂಜಿನ್ನಿಗೆ ಮೈ ಬಿಸಿಯಾದದ್ದೇ ಇಲ್ಲ.

ಇಷ್ಟರಿಂದ ಯಾರಿಗೂ ಕೇಡಾಗುತ್ತಿರಲಿಲ್ಲ, ಬುದ್ಧಿಮಾನ ಅದೇ ಸುಳ್ಳನ್ನು ತನ್ನ ಅತ್ತೆಗೂ ಹೇಳದಿದ್ದರೆ.

ಅತ್ತೆ ಇದ್ದದ್ದು ಮೇಲೆ, ಕಾಲಿಪೋಖ್ರಿಯಲ್ಲಿ. ದಾರಿ ಬದಿಯಲ್ಲಿ ಒಂದು ಹಲಗೆ ಮನೆ. ಬಂದವರಿಗೆ ಅನ್ನ, ಸೂಪು, ಮಲಗಲು ಜಾಗ. ಬೆಟ್ಟದ ಮಂದಿಯೆಲ್ಲ ಅವಳನ್ನು ಬೋಜು, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. ಹೋದ ಚಳಿಗಾಲ ಅವಳ ಎದೆಯಲ್ಲಿ ಕಫ ಕಟ್ಟಿ, ಉಳಿದದ್ದೇ ಹೆಚ್ಚು ಎನ್ನುವಂತಾಗಿತ್ತು. "ಇನ್ನೊಂದು ಚಳಿಗಾಲ ಅಲ್ಲಿ ಕಳೆದರೆ ನಾನು ಜವಾಬ್ದಾರ ಅಲ್ಲ" ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು. ಮಗಳು ಸುಕುಮಾಯಾ ಅತ್ತಳು, ಕರೆದಳು, ಮುನಿದಳು. ಬೋಜು ಜಗ್ಗಲಿಲ್ಲ.

"ಕೆಳಗೆ ನಂಗೆ ಯಾರಿದಾರೆ? ಇಲ್ಲಿ ಯಾಕ್‌ಗಳಿಗೂ ನನ್ನ ಕೆಮ್ಮು ಗೊತ್ತು. ಅಲ್ಲಿ ನಾನು ಸತ್ರೆ, ಯಾವುದೋ ಮುದುಕಿ ಅಂತೆ ಅಂತ ಹೇಳ್ಕೊಂಡು ಟೀ ಕುಡೀತಾರೆ."

"ಡ್ರೈವರುಗಳೆಲ್ಲ ನಿನ್ನ ಬಲ್ಲರಲ್ಲಮ್ಮ!"

"ಅವರು ಬಲ್ಲದ್ದು ನನ್ನ ಸೂಪನ್ನ. ನನ್ನನ್ನಲ್ಲ."

ಆಗಲೇ ಬುದ್ಧಿಮಾನ ಬಾಯಿ ಹಾಕಿದ್ದು. "ಅತ್ತೆ, ದಾರಿ ಚಳಿಗೆ ಹೆದರಬೇಡಿ. ನನ್ನ ಗಾಡೀಲಿ ಕೂತ್ರೆ ಒಲೆ ಮುಂದೆ ಕೂತಂಗೆ." ಬೋಜು ಅಳಿಯನನ್ನು ಮೇಲಿಂದ ಕೆಳಗೆ ನೋಡಿದಳು. ಮದುವೆಯಾದಂದಿನಿಂದ ಅವಳು ಅವನನ್ನು ಹಾಗೇ ನೋಡುತ್ತಿದ್ದಳು. "ಆಗ್ಲಿ. ಒಲೆ ಮುಂದೆ ಕೂತಂಗಿದ್ರೆ ಬರ್ತೀನಿ. ಎಲ್ಲಾದ್ರೂ ಮೈ ನಡುಗ್ತೋ, ಅಲ್ಲೇ ಇಳಿದು ವಾಪಸ್ಸು. ಬಂದ್ರೂ ಅಷ್ಟೇ, ಒಂದು ರಾತ್ರಿ ನೋಡ್ತೀನಿ. ಮನಸ್ಸಿಗೆ ಹಿಡಿಸಿದ್ರೆ ಇರ್ತೀನಿ, ಇಲ್ದಿದ್ರೆ ಬೆಳಗ್ಗೆ ಹೊರಟೆ."

ಸುಕುಮಾಯಾ ಗಂಡನ ಕೈ ಹಿಡಿದು ಕಣ್ಣೀರು ಹಾಕಿದಳು. ಅವನ ಹೆಂಡತಿ ಹಾಗೆ ಅವನ ಕೈ ಹಿಡಿದು ಬಹಳ ಕಾಲವಾಗಿತ್ತು. ಈಗ ಸುಳ್ಳನ್ನು ನಿಜ ಮಾಡದೆ ಬೇರೆ ದಾರಿ ಇರಲಿಲ್ಲ.

ಸಿಲಿಗುರಿಯಿಂದ ಥರ್ಮೋಸ್ಟಾಟು ತರಿಸಿದ್ದಾಯಿತು. ಅದು ಕೈಗೆ ಬಂದ ದಿನವೇ, ಹಿಮ ಬೀಳುವ ಮುನ್ಸೂಚನೆಯೂ ಬಂತು. ಆದರೂ ಬುದ್ಧಿಮಾನ ಅದನ್ನು ಮಿಸ್ತ್ರಿಗೆ ಕೊಡಲಿಲ್ಲ. "ಮೇಲೆ ಹೋಗಿ, ಅತ್ತೆ ಕಣ್ಣೆದುರಿಗೇ ನಾನೇ ಹಾಕ್ತೀನಿ. ಬರೋವಾಗ ನನ್ನ ಗಾಡೀಲಿ ಬಿಸಿಗಾಳಿ ಬೀಸುತ್ತೆ, ನೋಡ್ತಿರಿ" ಎಂದು ಸ್ಟ್ಯಾಂಡಿನಲ್ಲಿ ಸಾರಿದ.

"ಬಿಸಿಗಾಳಿ ನಿನ್ನ ಬಾಯಿಂದ ದಿನಾ ಬೀಸುತ್ತಲ್ಲ ಅಣ್ಣಾ" ಎಂದನೊಬ್ಬ.

"ಆ ಡಬ್ಬದಿಂದ ನಿಜವಾಗ್ಲೂ ಬಿಸಿಗಾಳಿ ಬಂದ್ರೆ, ದಾರಿಯುದ್ದಕ್ಕೂ ನಿಂತು ನಿಂಗೆ ಖಾದಾ ಹಾಕ್ತೀವಿ" ಎಂದ ಇನ್ನೊಬ್ಬ. ಖಾದಾ ಎಂದರೆ ಅಲ್ಲಿ ಗೌರವಕ್ಕೆ ಹಾಕುವ ಬಿಳಿ ರೇಷ್ಮೆ ಶಲ್ಯ. ಮದುವೆಗೂ ಅದೇ, ಮಂತ್ರಿಗೂ ಅದೇ, ಹೆಣಕ್ಕೂ ಅದೇ. ಎಲ್ಲರೂ ನಕ್ಕರು. ಬುದ್ಧಿಮಾನ ಮಾತ್ರ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡ.

ಕಾಲಿಪೋಖ್ರಿ ತಲುಪಿದವನೇ ಮೊದಲು ಥರ್ಮೋಸ್ಟಾಟನ್ನು ಅತ್ತೆಯ ಟೀ ಕೆಟಲಿನಲ್ಲಿ ಹಾಕಿ ಒಲೆಯ ಮೇಲಿಟ್ಟ. ಬಿಸಿನೀರಿನಲ್ಲಿ ಬಾಯಿ ತೆರೆದರೆ ಸರಕು ಒಳ್ಳೆಯದು ಎಂದು ಅಂಗಡಿಯವನು ಹೇಳಿ ಕಳಿಸಿದ್ದ.

"ಅಳಿಯ ಬಂದ, ಹಿತ್ತಾಳೆ ಸೂಪು ಮಾಡ್ತಿದಾನೆ. ಉಪ್ಪು ಹಾಕಿದ್ಯೇನಪ್ಪಾ?" ಎಂದಳು ಬೋಜು.

ನೀರು ಕುದಿಯಿತು, ಥರ್ಮೋಸ್ಟಾಟು ಬಾಯಿ ತೆರೆಯಿತು, ಬುದ್ಧಿಮಾನ "ತೆರೀತು!" ಎಂದು ಕೂಗಿ ಕುಣಿದ. ಇಲ್ಲಿಯವರೆಗೆ ಅವನು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಮನುಷ್ಯ ಇಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಬೋಲ್ಟು ಬಿಚ್ಚಿ ಇಂಜಿನ್ನಿನ ಕುತ್ತಿಗೆ ತೆರೆದಾಗ ಪ್ರಶ್ನೆ ಎದ್ದಿತು. ಥರ್ಮೋಸ್ಟಾಟಿಗೆ ಎರಡು ಕಡೆ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಸ್ಪ್ರಿಂಗು. ಸ್ಪ್ರಿಂಗು ಯಾವ ಕಡೆಗಿರಬೇಕು? ಬುದ್ಧಿಮಾನ ಸ್ಪ್ಯಾನರಿನಿಂದ ತಲೆ ಕೆರೆದುಕೊಂಡು ಯೋಚಿಸಿದ. ಅವನಪ್ಪ ಟೀ ತೋಟದ ಗೇಟಿನಲ್ಲಿ ಚೌಕಿದಾರ. ಮಳೆ ಬರಲಿ, ಮಂಜು ಬೀಳಲಿ, ತೋಟಕ್ಕೆ ಬೆನ್ನು, ರಸ್ತೆಗೆ ಮುಖ. "ಕಾವಲುಗಾರ ಯಾವತ್ತೂ ಹೊರಗೆ ನೋಡ್ಬೇಕು ಮಗಾ" ಎಂದು ಹೇಳುತ್ತಲೇ ಕಣ್ಣು ಮುಚ್ಚಿದ ಪುಣ್ಯಾತ್ಮ. ಥರ್ಮೋಸ್ಟಾಟೂ ಕಾವಲುಗಾರನೇ ತಾನೆ? ಚಳಿ ಬರುವುದು ಹೊರಗಿನಿಂದ ತಾನೆ? ಪಿತೃವಾಕ್ಯ ಪರಿಪಾಲನೆ ಮಾಡಿ ಸ್ಪ್ರಿಂಗನ್ನು ಹೊರಗೆ, ರೇಡಿಯೇಟರಿನ ಕಡೆಗೆ ತಿರುಗಿಸಿ, ಬೋಲ್ಟು ಬಿಗಿದ.

ಅದು ಇರಬೇಕಾದದ್ದು ಒಳಗೆ, ಇಂಜಿನ್ನಿನ ಬಿಸಿನೀರಿನ ಕಡೆಗೆ. ಬಿಸಿ ಮುಟ್ಟಿದರೆ ತಾನೇ ಬಾಗಿಲು ತೆರೆಯುವುದು? ಈಗ ಆ ಕಾವಲುಗಾರ ತಣ್ಣನೆ ರೇಡಿಯೇಟರನ್ನು ನೋಡುತ್ತ, "ಇನ್ನೂ ಚಳಿಯೇ ಇದೆ" ಎಂದುಕೊಂಡು ಬಾಗಿಲು ಬಿಗಿದು ನಿಂತುಬಿಟ್ಟ.

ಆದರೆ ಹೀಟರಿಗೆ ನೀರು ಹೋಗುವ ಕೊಳವೆ ಈ ಬಾಗಿಲಿಗಿಂತ ಮೊದಲೇ ಕವಲೊಡೆದಿತ್ತು. ಗಾಡಿ ಹೊರಟು ಸ್ವಲ್ಪ ದೂರ ಹೋಗುವುದರೊಳಗೆ ಡಬ್ಬದಿಂದ ಬಿಸಿಗಾಳಿ ಭುಸ್ಸೆಂದು ಬಂತು. ಹಿಂದಿನ ಸೀಟಿನಲ್ಲಿ ಬಿಳಿ ಉಣ್ಣೆ ಶಾಲು ಹೊದ್ದು ಕೂತಿದ್ದ ಬೋಜು ಮೊದಲು ನಂಬಲಿಲ್ಲ. ಕೈ ಚಾಚಿ ನೋಡಿದಳು. ಕಾಲು ಚಾಚಿ ನೋಡಿದಳು.

"ಪರ್ವಾಗಿಲ್ಲ ಕಣೋ" ಎಂದಳು. ಅಳಿಯನಿಗೆ ಅವಳು ಕೊಟ್ಟ ಮೊದಲ ಸರ್ಟಿಫಿಕೇಟು ಅದು. ಆಮೇಲೆ ಸೀಟಿನ ಮೇಲೆ ಉದ್ದಕ್ಕೆ ಮಲಗಿ, ಮುಖದ ತನಕ ಶಾಲೆಳೆದುಕೊಂಡು, ಒಲೆ ಮುಂದೆ ಮಲಗಿದಂತೆ ನಿದ್ದೆ ಹೋದಳು.

ಗೈರಿಬಾಸಿನಲ್ಲಿ ಛೇವಾಂಗ್ ಲಾಮಾ ಕೈ ಅಡ್ಡ ಹಿಡಿದು ಗಾಡಿ ಹತ್ತಿದ. ಅಂದು ಅವನ ಉಪವಾಸದ ಮೌನವ್ರತ. ಕೈಸನ್ನೆ ಬಿಟ್ಟರೆ ಮಾತಿಲ್ಲ. ಅಲ್ಲಿಂದಾಚೆ ಏರು. ಏರು ಶುರುವಾದ ಸ್ವಲ್ಪಕ್ಕೇ ಬಾನೆಟ್ಟಿನಿಂದ ಬಿಳಿ ಆವಿ ಎದ್ದಿತು. ಗಾಡಿಯ ಒಳಗಂತೂ ಬಾಣಂತಿ ಕೋಣೆಯ ಸೆಕೆ. ಲಾಮಾ ಮೆರೂನು ನಿಲುವಂಗಿಯೊಳಗೆ ಬೆಂದು, ಗಾಡಿ ಒಡೆದು ಹೋದೀತೆಂದು ಹೆದರಿ, ಇಳಿದು ನಡೆಯತೊಡಗಿದ. ಬುದ್ಧಿಮಾನ ಅವನ ಕೈಗೆ ಅತ್ತೆಯ ಕೆಟಲು ಕೊಟ್ಟ. "ಲಾಮಾಜಿ, ಮುಂದೆ ತೊರೆ ಸಿಕ್ಕಿದ ಕಡೆಯೆಲ್ಲ ನೀರು ತುಂಬ್ಕೊಳ್ಳಿ, ಪುಣ್ಯ ಬರುತ್ತೆ."

ಹೀಟರ್ ಆರಿಸಲು ಅವನಿಗೆ ಧೈರ್ಯವಿಲ್ಲ. ಬೋಜುವಿಗೆ ಎಚ್ಚರವಾಗಿ, ಮೈ ನಡುಗಿತು ಎಂದುಬಿಟ್ಟರೆ? ಬಾನೆಟ್ಟನ್ನು ಅರ್ಧ ಎತ್ತಿ ಕಟ್ಟಿದರೆ ಆವಿ ಹೋದೀತು ಎನಿಸಿತು. ಕಟ್ಟಲು ಹಗ್ಗ ಇರಲಿಲ್ಲ. ಪ್ರತಿ ವರ್ಷ ವಿಶ್ವಕರ್ಮ ಪೂಜೆಯಲ್ಲಿ ಗಾಡಿಗೆ ಹಾಕಿದ ಖಾದಾಗಳು ಕನ್ನಡಿಗೆ ನೇತುಬಿದ್ದಿದ್ದವು. ಅವನ್ನೇ ಬಿಚ್ಚಿ ಬಾನೆಟ್ಟಿಗೆ ಬಿಗಿದ. ತುದಿಗಳು ಗಾಳಿಗೆ ಪಟಪಟ ಹಾರಿದವು.

ಈಗ ಓದುಗರು ದಾರಿ ಬದಿಯಲ್ಲಿ ನಿಂತು ನೋಡಬೇಕು. ಮಂಜಿನೊಳಗಿಂದ ಮೊದಲು ಒಬ್ಬ ಲಾಮಾ ಬರುತ್ತಾನೆ, ಕೈಯಲ್ಲಿ ನೀರಿನ ಪಾತ್ರೆ, ತುಟಿ ಮಾತ್ರ ಅಲ್ಲಾಡುತ್ತಿದೆ. ಅವನ ಹಿಂದೆ ಧೂಪದಂತೆ ಹೊಗೆ. ಹೊಗೆಯ ಹಿಂದೆ, ಬಿಳಿ ಖಾದಾ ಹೊದ್ದ ಗಾಡಿ, ಆಮೆಯ ನಡಿಗೆಯಲ್ಲಿ. ಒಳಗೆ ಬಿಳಿ ಶಾಲಿನಲ್ಲಿ ತಲೆಯಿಂದ ಕಾಲಿನವರೆಗೆ ಸುತ್ತಿದ ಒಂದು ದೇಹ, ಉದ್ದಕ್ಕೆ. ಸ್ಟಿಯರಿಂಗಿನ ಮುಂದೆ, ಆವಿ ಬಡಿದು ಕೆಂಪಗಾದ ಕಣ್ಣಿನ ಅಳಿಯ. ಇದನ್ನು ಕಂಡು ಥರ್ಮೋಸ್ಟಾಟು ತಿರುಗುಮುರುಗಾಗಿದೆ ಎಂದುಕೊಳ್ಳುವವನು ಹುಟ್ಟಿಲ್ಲ.

ಟೂಮ್ಲಿಂಗಿನಲ್ಲಿ ಟೀ ಅಂಗಡಿಯ ಡೋಮಾ ದೀದಿ ಓಡಿ ಬಂದಳು. ಗಾಡಿಯೊಳಗೆ ಇಣುಕಿ ಬಾಯಿಗೆ ಸೆರಗು ಹಿಡಿದಳು.

"ಅಯ್ಯೋ, ಬೋಜು..."

"ಶ್!" ಬುದ್ಧಿಮಾನ ಪಿಸುಗುಟ್ಟಿದ. "ಮೆತ್ತಗೆ. ಈಗ ನೆಮ್ಮದಿಯಾಗಿದಾರೆ."

"ಒದ್ದಾಡಿದ್ರಾ?"

"ಇಲ್ಲಪ್ಪ. ಪರ್ವಾಗಿಲ್ಲ ಕಣೋ ಅಂದ್ರು, ಕಣ್ಣು ಮುಚ್ಚಿದ್ರು."

ಡೋಮಾ ದೀದಿ ಗೊಳೋ ಎಂದಳು. ಒಳಗೆ ಓಡಿ ಒಂದು ಹೊಸ ಖಾದಾ ತಂದು ಬಾನೆಟ್ಟಿನ ಮೇಲೆ ಹೊದಿಸಿ, ಕೈ ಮುಗಿದಳು. ಬುದ್ಧಿಮಾನನ ಎದೆ ತುಂಬಿ ಬಂತು. ಸ್ಟ್ಯಾಂಡಿನವರು ಮಾತಿಗೆ ತಪ್ಪಲಿಲ್ಲ, ಸುದ್ದಿ ಆಗಲೇ ಇಲ್ಲಿಗೂ ಬಂದಿದೆ! ಆದರೆ ಒಂದು ಹೀಟರಿಗೆ ಹೆಂಗಸು ಇಷ್ಟೊಂದು ಅಳುತ್ತಾಳಲ್ಲ ಎಂದು ಸ್ವಲ್ಪ ಆಶ್ಚರ್ಯವಾಯಿತು. ಡೋಮಾ ಲಾಮಾನ ಕಡೆ ತಿರುಗಿ "ಹೇಗಾಯ್ತು ಲಾಮಾಜಿ?" ಎಂದು ಕೇಳಿದಳು. ಲಾಮಾ ಆವಿಯನ್ನು ತೋರಿಸಿ, ಆಮೇಲೆ ಆಕಾಶ ತೋರಿಸಿ, ಎಲ್ಲ ಮೇಲೆ ಹೋಗುತ್ತಿದೆ ಎಂಬಂತೆ ಕೈಯಾಡಿಸಿದ. ಗಾಡಿ ಮಂಜಿನಲ್ಲಿ ಮರೆಯಾದ ಕೂಡಲೇ ಡೋಮಾ ಫೋನಿನ ಸಿಗ್ನಲ್ ಸಿಗುವ ಬಂಡೆ ಹತ್ತಿದಳು.

ಮೇಘ್ಮಾದ ಗಡಿ ಠಾಣೆಯಲ್ಲಿ ಒಬ್ಬ ಹವಾಲ್ದಾರನಿದ್ದ. ಹಾಲಿನ ಕ್ಯಾನಿನೊಳಗೂ ಕೈ ಹಾಕಿ ತಪಾಸಣೆ ಮಾಡುವ ಆಸಾಮಿ. ಅಂದು ಅವನು ತಡೆಗೋಲು ಎತ್ತಿಸಿ, ಟೋಪಿ ತೆಗೆದು, ಎದೆ ಸೆಟೆಸಿ ನಿಂತ. ಹಿಂದೆ ಜವಾನರೂ ನಿಂತರು. ಬುದ್ಧಿಮಾನ ರಾಜ್ಯಪಾಲನ ಗತ್ತಿನಲ್ಲಿ ಸೆಲ್ಯೂಟು ಹೊಡೆದ. ಸರ್ಕಾರವೂ ತನ್ನ ಕೆಲಸವನ್ನು ಗುರುತಿಸಿದ್ದು ಅವನಿಗೆ ಬಹಳ ಸಮಾಧಾನ ತಂದಿತು.

ಇತ್ತ ಮಾನೆಭಂಜ್ಯಾಂಗಿನಲ್ಲಿ 'ಸಮಾಜ' ಎದ್ದು ನಿಂತಿತ್ತು. ಆ ಬೆಟ್ಟದ ಊರುಗಳಲ್ಲಿ ಸಮಾಜ ಎಂದರೆ ಸಾವಿಗೆ ಆಗುವ ಸಂಘ. ರಸ್ತೆಯ ಗುಂಡಿ ಮುಚ್ಚಿ ಎಂದರೆ ಅದು ಮೂರು ಸಭೆ ಕರೆಯುತ್ತದೆ; ಸಾವು ಎಂದರೆ ಒಂದು ಕೂಗಿಗೆ ಊರೇ ಸೇರುತ್ತದೆ. ಮನೆಗೊಂದು ಹೊರೆ ಸೌದೆ, ಒಂದಷ್ಟು ಅಕ್ಕಿ, ಕೆಲಸಕ್ಕೊಂದು ಆಳು. ಕಾರ್ಯದರ್ಶಿ ಗಂಜಮಾನ್, ನಿವೃತ್ತ ಸುಬೇದಾರ್, ಬುದ್ಧಿಮಾನನ ಮನೆಯ ಅಂಗಳದ ನಡುವೆ ನಿಂತು ಯುದ್ಧ ನಡೆಸುತ್ತಿದ್ದ. "ಡೇರೆ ಇತ್ತ! ಹಂಡೆ ಅತ್ತ! ಸೌದೆ ಒಣಗಿದ್ದೇ ಇರ್ಬೇಕು, ಬೋಜುಗೆ ಹಸಿ ಸೌದೆ ತಂದವನ ಮುಖ ನೋಡಲ್ಲ ನಾನು!" ಗುಂಬಾದಿಂದ, ಅಂದರೆ ಬೌದ್ಧ ಮಠದಿಂದ, ಉದ್ದ ತುತ್ತೂರಿಯ ಲಾಮಾಗಳು ಬಂದರು. ಪಂಚಾಯತಿ ಸದಸ್ಯರು ಭಾಷಣ ಬಾಯಿಪಾಠ ಮಾಡುತ್ತ ಬಂದರು. ಸುಕುಮಾಯಾಳನ್ನು ನಾಲ್ಕು ಜನ ಹೆಂಗಸರು ಹಿಡಿದುಕೊಂಡಿದ್ದರು. ಅವಳ ಅಳು ಕೇಳಲಾಗುತ್ತಿರಲಿಲ್ಲ. "ನಾನೇ ಕೊಂದೆ, ನಾನೇ ಬಾ ಬಾ ಅಂತ ಎಳೆದು ಕೊಂದೆ" ಎಂದು ಎದೆ ಬಡಿದುಕೊಳ್ಳುತ್ತಿದ್ದಳು.

ಗಾಡಿ ಕೊನೆಯ ತಿರುವು ಇಳಿಯಿತು. ಸ್ಟ್ಯಾಂಡಿನ ಅಷ್ಟೂ ಲ್ಯಾಂಡ್ ರೋವರುಗಳು ಓಟ ನಿಲ್ಲಿಸಿ ಸಾಲಾಗಿ ನಿಂತಿವೆ. ಚಾಲಕರು ಇಬ್ಬದಿ ತಲೆ ಬಾಗಿಸಿ, ಕೈಯಲ್ಲಿ ಖಾದಾ ಹಿಡಿದು ನಿಂತಿದ್ದಾರೆ. ಬುದ್ಧಿಮಾನನಿಗೆ ಇನ್ನು ತಡೆಯಲಾಗಲಿಲ್ಲ. ಗಾಡಿ ನಿಲ್ಲಿಸಿ ಫುಟ್‌ಬೋರ್ಡಿನ ಮೇಲೆ ನಿಂತ.

"ಅಣ್ಣಂದಿರಾ," ಎಂದ. "ಇಷ್ಟಕ್ಕೆಲ್ಲ ನಾನು ಯೋಗ್ಯ ಅಲ್ಲ. ನಾನೇನು ದೊಡ್ಡದು ಮಾಡಿಲ್ಲ. ಮೂರು ಬೋಲ್ಟು ಬಿಚ್ಚಿದೆ, ಮೂರು ಬೋಲ್ಟು ಬಿಗಿದೆ, ಅಷ್ಟೇ."

ಜನ ಮುಖ ಮುಖ ನೋಡಿಕೊಂಡರು. "ಪಾಪ, ದುಃಖಕ್ಕೆ ತಲೆ ಕೆಟ್ಟಿದೆ" ಎಂದು ಗಂಜಮಾನ್ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಲಾಮಾಗಳು ತುತ್ತೂರಿ ಊದಿದರು. ಬೆಟ್ಟಕ್ಕೆ ಬೆಟ್ಟವೇ ಗುಡುಗಿದ ಹಾಗಾಯಿತು.

ಹಿಂದಿನ ಸೀಟಿನಲ್ಲಿ ಬಿಳಿ ಶಾಲು ಅಲ್ಲಾಡಿತು. ಬೋಜು ಎದ್ದು ಕೂತಳು. ಮೈಯೆಲ್ಲ ಬೆವರು, ಕೆನ್ನೆ ಕೆಂಪಗೆ. ಡೇರೆ ನೋಡಿದಳು, ಹಂಡೆ ನೋಡಿದಳು, ಸೌದೆ ನೋಡಿದಳು. ಮುಖ ಗಂಭೀರ ಮಾಡಿಕೊಂಡು ಹತ್ತಿರ ನಿಂತವನನ್ನು ಕೇಳಿದಳು:

"ಛೆ ಛೆ, ಯಾರಪ್ಪಾ ಹೋದ್ರು?"

ಎರಡು ಯುದ್ಧ ಕಂಡಿದ್ದ ಗಂಜಮಾನ್ ಹಂಡೆಯ ಹಿಂದೆ ಅಡಗಿದ. ತುತ್ತೂರಿಯೊಂದು ಅರ್ಧ ರಾಗದಲ್ಲಿ ಸಿಕ್ಕಿಕೊಂಡಿತು. ಕೊನೆಗೆ ಒಬ್ಬ ಚಾಲಕ ಧೈರ್ಯ ಮಾಡಿ, ಬಹಳ ಮರ್ಯಾದೆಯಿಂದ ಹೇಳಿದ:

"ನೀವೇ, ಬೋಜು."

"ನಾನಾ? ಯಾವಾಗ?"

ಸುಕುಮಾಯಾ ಹಿಡಿದವರನ್ನೆಲ್ಲ ಕೊಡವಿಕೊಂಡು ಓಡಿ ಬಂದು ಅವ್ವನನ್ನು ತಬ್ಬಿದಳು. ಮುಟ್ಟಿದಳು, ಮೂಸಿದಳು, ಮತ್ತೆ ತಬ್ಬಿದಳು. ಆಮೇಲೆ ತಿರುಗಿ ಗಂಡನ ಬೆನ್ನಿಗೆ ಗುದ್ದಿದಳು, ಮತ್ತೆ ಅವನನ್ನೂ ತಬ್ಬಿದಳು, ಮತ್ತೆ ಗುದ್ದಿದಳು. ಬುದ್ಧಿಮಾನನಿಗೆ ಯಾವುದು ಯಾತಕ್ಕೆ ಎಂದು ತಿಳಿಯಲಿಲ್ಲ. ಪಂಚಾಯತಿ ಸದಸ್ಯರು ಮಾತ್ರ ಎದೆಗುಂದಲಿಲ್ಲ. "ಬೋಜು ನಮ್ಮನ್ನು ಅಗಲಿಲ್ಲ ಎಂಬುದು ಅತ್ಯಂತ..." ಎಂದು ಶುರುಮಾಡಿ, ಮುಂದಿನ ಪದ ಬದಲಿಸುವುದು ಹೇಗೆಂದು ತಿಳಿಯದೆ, "ದುಃಖದ" ಎಂದೇಬಿಟ್ಟರು.

ಚಾಲಕರೆಲ್ಲ ಬಾನೆಟ್ಟಿಗೆ ಮುತ್ತಿದರು. ತಣಿಯಲು ಬಿಟ್ಟು, ಕುತ್ತಿಗೆ ಬಿಚ್ಚಿ ನೋಡಿದರೆ ಸ್ಪ್ರಿಂಗು ಹೊರಗೆ ನೋಡುತ್ತಿದೆ. ಬುದ್ಧಿಮಾನ ಚೌಕಿದಾರನ ತತ್ವವನ್ನು ವಿವರಿಸಿದ.

"ನಿಮ್ಮಪ್ಪ ರಸ್ತೆ ನೋಡ್ತಾ ನಿಂತಿದ್ದಕ್ಕೇ ಅಲ್ವೇನೋ," ಎಂದ ಮುದಿ ಚಾಲಕನೊಬ್ಬ, "ತೋಟದ ಒಳಗಿನವರು ಮೂಟೆಗಟ್ಟಲೆ ಟೀ ಎಲೆ ಹಿತ್ತಲಿಂದ ಸಾಗಿಸಿದ್ದು!" ಬಿದ್ದು ಬಿದ್ದು ನಕ್ಕರು. ನಗುತ್ತಲೇ ಹತ್ತು ಕೈ ಸೇರಿ ಅದನ್ನು ತಿರುಗಿಸಿ ಕೂರಿಸಿದವು. ಆದರೂ ಹೀಟರ್ ಬಿಸಿಯಾಗಿದ್ದದ್ದು ಎಲ್ಲರೂ ಕೈಯಿಟ್ಟು ನೋಡಿದ ಸತ್ಯ. ಮಾತು ಮಾತೇ ಎಂದು, ಸತ್ತವಳಿಗೆ ತಂದ ಖಾದಾಗಳನ್ನು ಬದುಕಿದ ಅಳಿಯನ ಕೊರಳಿಗೆ ಹಾಕಿದರು.

ಈ ಗದ್ದಲದಲ್ಲಿ ಬೋಜು ಎಲ್ಲಿ ಎಂದು ನೋಡಿದರೆ, ಅವಳು ಸೌದೆಯ ರಾಶಿಯ ಮುಂದೆ ಒಬ್ಬಳೇ ನಿಂತಿದ್ದಳು. ರಾಶಿ ಅವಳಿಗಿಂತ ಎತ್ತರಕ್ಕಿತ್ತು. ಓಕ್, ಉತ್ತಿಸ್, ಚೆನ್ನಾಗಿ ಒಣಗಿದ ಸೌದೆ, ಮನೆಮನೆಯವರು ಚಳಿಗಾಲಕ್ಕೆಂದು ಸೂರಿನ ಕೆಳಗೆ ಪೇರಿಸಿಟ್ಟದ್ದು.

"ಇದಿಷ್ಟೂ ನಂಗಾ?" ಎಂದಳು.

"ಹೂಂ ಬೋಜು."

"ಯಾರು ತಂದ್ರು? ನಾನ್ಯಾರು ಅಂತ ಗೊತ್ತಿದ್ದೇ ತಂದ್ರಾ?"

 ಆ ಮುದಿ ಚಾಲಕ ಒಂದು ಹೊರೆ ಮುಟ್ಟಿ, "ಇದು ನಂದು. ಹಿಮದಲ್ಲಿ ಆಕ್ಸೆಲ್ ಮುರಿದು ಕೂತಾಗ ನಿಮ್ಮ ಹಾಸಿಗೆ ನಂಗೆ ಕೊಟ್ಟು, ನೀವು ಒಲೆ ಪಕ್ಕ ಕೂತೇ ಬೆಳಗು ಮಾಡಿದ್ರಿ" ಎಂದ. ಹಂಡೆಯ ಹಿಂದಿನಿಂದ ಗಂಜಮಾನ್ ಎದ್ದು ಬಂದ. "ನಾನು ರಜೆಗೆ ನಡೆದು ಬರ್ತಿದ್ದಾಗ, ನನ್ನ ಬೂಟು ಬಿಚ್ಚಿ ಕಾಲಿಗೆ ಬೆಣ್ಣೆ ತಿಕ್ಕಿದ್ರಿ. ನನ್ನ ತಾಯಿನೂ ಹಂಗೆ ಮಾಡಿರ್ಲಿಲ್ಲ." ಹೆಂಗಸೊಬ್ಬಳು "ನನ್ನ ಮಗ ಹುಟ್ಟಿದ್ದು ನಿಮ್ಮ ಅಡಿಗೆ ಮನೇಲಿ" ಎಂದು ಮೂಗೊರೆಸಿಕೊಂಡಳು. ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಹೊರೆಯ ಪಕ್ಕ ನಿಂತು ಹೇಳಿದರು. ಕೆಲವರಿಗೆ ಹೇಳಲು ದೊಡ್ಡ ಕತೆಯಿರಲಿಲ್ಲ. "ಸೂಪು ಕುಡಿದಿದ್ದೆ ಬೋಜು, ಅಷ್ಟೇ" ಎಂದರು.

ಬೋಜು ಒಂದೊಂದೇ ಹೊರೆಯನ್ನು ಕೈಯಿಂದ ಸವರುತ್ತ ಹೋದಳು. 

ಗಂಜಮಾನ್ ಗಂಟಲು ಸರಿಮಾಡಿಕೊಂಡ. "ಈಗ ಒಂದು ತೊಡಕಿದೆ. ಸಾವಿಗೆ ಅಂತ ತಂದ ಸೌದೆ ಮನೆಗೆ ವಾಪಸ್ ಒಯ್ಯಂಗಿಲ್ಲ, ಅದು ಸಮಾಜದ ಕಟ್ಟಳೆ. ಏನು ಮಾಡೋಣ?"

"ಏನು ಮಾಡೋದು ಅಂದ್ರೇನು? ಉರಿಸೋಕೆ ತಂದಿದ್ದು ತಾನೆ, ಉರಿಸೋಣ," ಎಂದಳು ಬೋಜು. "ಒಲೆಗೆ ಹಾಕಿದ್ರೆ ಎಲ್ಲಿ ತನಕ ಬಂದೀತು?"

ಗಂಜಮಾನ್ ರಾಶಿಯ ಸುತ್ತ ಒಂದು ಸುತ್ತು ಬಂದ. "ಬೆಟ್ಟದಲ್ಲಿ ಗುರಾಂಸ್ ಹೂ ಕೆಂಪಾಗೋ ತನಕ ಬರುತ್ತೆ ಬೋಜು. ವಸಂತದ ತನಕ."

"ಹಂಗಾದ್ರೆ ಅಲ್ಲಿ ತನಕ ಇರ್ತೀನಿ," ಎಂದಳು ಬೋಜು. "ಏ ಅಳಿಯ, ನಿಂತು ಏನು ನೋಡ್ತೀಯ? ಒಂದು ಹೊರೆ ಒಳಗೆ ತಾ. ಇಷ್ಟು ಜನ ಬಂದಿದಾರೆ, ಸೂಪಿಗೆ ಇಡೋಣ."

ಆ ಚಳಿಗಾಲವಿಡೀ ಬೋಜು ತನ್ನ ಚಿತೆಗೆಂದು ಬಂದ ಸೌದೆಯ ಮುಂದೆ ಕೂತು ಮೈ ಕಾಯಿಸಿಕೊಂಡಳು. ಒಂದೊಂದು ಕೊರಡು ಒಲೆಗೆ ಇಡುವಾಗಲೂ ತಂದವರ ಹೆಸರು ಹಿಡಿದು, "ಅವರ ಹೊಟ್ಟೆ ತಣ್ಣಗಿರ್ಲಿ" ಎನ್ನುತ್ತಿದ್ದಳು.